ಕೂದಲೆಳೆಯಷ್ಟು ಸಡಿಲು

ನಮ್ಮ ಮನೆಯಲ್ಲಿ ತುಪ್ಪದ ಡಬ್ಬಿಗಿಂತ ಗ್ರೀಸಿನ ಡಬ್ಬಿಗೆ ಮರ್ಯಾದೆ ಹೆಚ್ಚಿತ್ತು. ತುಪ್ಪ ಅಡುಗೆಮನೆಯ ಕೆಳಗಿನ ಹಲಗೆಯ ಮೇಲೆ ಇರುವೆಗಳ ಜೊತೆ ಹೋರಾಡಿಕೊಂಡು ಬದುಕುತ್ತಿತ್ತು. ಗ್ರೀಸು ಮಾತ್ರ ದೇವರ ಪಕ್ಕದ ಗೂಡಿನಲ್ಲಿ, ಮೈಗೆ ಬಿಳಿ ಅರಿವೆ ಸುತ್ತಿಸಿಕೊಂಡು ಕೂತಿರುತ್ತಿತ್ತು. ಮದುವೆಯಾಗಿ ಬಂದ ಹೊಸದರಲ್ಲಿ ನಾನು ಅದನ್ನು ವಿಭೂತಿಯ ಡಬ್ಬಿ ಎಂದುಕೊಂಡು ನಾಲ್ಕು ದಿನ ಕೈಮುಗಿದೆ. ಐದನೆಯ ದಿನ ಒರೆಸಲು ಹೋದಾಗ ಯಜಮಾನರು ಒಳಗಿನಿಂದ ಕೂಗಿದರು: "ಏ, ಅದನ್ನ ಮುಟ್ಟಬ್ಯಾಡ! ಗ್ರೀಸಿನ್ಯಾಗ ಕಸಾ ಬಿದ್ರ ಬೇರಿಂಗ್ ಹಾಳಾಕ್ಕಾವ." ತುಪ್ಪದಲ್ಲಿ ಕಸ ಬಿದ್ದರೆ ಅವರಿಗೆ ಚಿಂತೆ ಇರಲಿಲ್ಲ. ಅದನ್ನು ತಿನ್ನುವವರು ಬರೀ ಮನುಷ್ಯರು ತಾನೆ.

ನನ್ನ ಗಂಡ ಉದ್ಯಮಬಾಗದ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ಲೇಥಿನಲ್ಲಿ ಕಡೆದು ಬಂದ ಕಬ್ಬಿಣದ ಸಾಮಾನುಗಳನ್ನು ಅಳೆದು, ಸರಿಯಿದ್ದರೆ ಇಟ್ಟುಕೊಂಡು, ಇಲ್ಲದಿದ್ದರೆ ಬದಿಗೆ ಎಸೆಯುವುದು ಅವರ ಕೆಲಸ. ಕೂದಲೆಳೆಯಷ್ಟು ಸಂದು ಕಂಡರೂ ಅವರು ಬಿಡುತ್ತಿರಲಿಲ್ಲ. ದಿನಕ್ಕೆ ಎಂಟು ತಾಸು ಹೀಗೆ ಸಂದು ಹುಡುಕಿ ಹುಡುಕಿ, ಲೋಕದ ಎಲ್ಲ ದುಃಖಕ್ಕೂ ಒಂದೇ ಕಾರಣ ಎಂಬ ತೀರ್ಮಾನಕ್ಕೆ ಬಂದಿದ್ದರು: ಎಲ್ಲೋ ಏನೋ ಲೂಜ್ ಇದೆ. ಬಾಗಿಲ ಚಿಲಕ ಲೂಜ್, ಸರಕಾರ ಲೂಜ್, ನನ್ನ ತುರುಬು ಲೂಜ್. ಅವರು ಬಂದ್ ಮಾಡಿದ ನಲ್ಲಿ ನನ್ನ ಕೈಗೆ ತಿರುಗುತ್ತಿರಲಿಲ್ಲ. ನಾನು ಕೊಡ ಹಿಡಿದುಕೊಂಡು ಪಕ್ಕದ ಮನೆಗೆ ಹೋಗುತ್ತಿದ್ದೆ. ಒಮ್ಮೆ ಅವರು ಉಪ್ಪಿನಕಾಯಿ ಬಾಟಲಿಯ ಮುಚ್ಚಳ ಬಿಗಿದರು. ಆ ವರ್ಷದ ಉಪ್ಪಿನಕಾಯಿಯನ್ನು ನಾವು ಗಾಜಿನ ಆಚೆಯಿಂದ ನೋಡಿದೆವು, ಅಷ್ಟೇ.

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ನಾನು ಖಾನಾಪುರದವಳು. ಶಿಕ್ಷಕಿಯರ ತರಬೇತಿ ಮುಗಿಸಿ, ಬೆಳಗಾವಿಯ ಶಹಾಪುರಕ್ಕೆ ಸೊಸೆಯಾಗಿ ಬಂದು, ಮಚ್ಛೆಯ ಪ್ರಾಥಮಿಕ ಶಾಲೆಯಲ್ಲಿ ಕೆಲಸಕ್ಕೆ ಸೇರಿದ್ದೆ. ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ಎರಡು ವರ್ಷ ನಮ್ಮನ್ನು ನೋಡುತ್ತಾರೆ, ಆಮೇಲೆ ಮುಖ್ಯ ಗುರುಗಳ ವರದಿ ನೋಡುತ್ತಾರೆ, ಎರಡೂ ಚೆನ್ನಾಗಿದ್ದರೆ ಮುಂದಿನ ಜೂನಿನಲ್ಲಿ ಕಾಯಂ. ನಮ್ಮ ಮುಖ್ಯ ಗುರುಗಳು ಮಕ್ಕಳು ಓದುತ್ತಾರೋ ಇಲ್ಲವೋ ಎಂದು ತಲೆ ಕೆಡಿಸಿಕೊಂಡವರಲ್ಲ. ಅವರ ಪ್ರಾಣವಿದ್ದದ್ದು ಗೋಡೆ ಗಡಿಯಾರದಲ್ಲಿ. ಹತ್ತೂವರೆಯ ಗಂಟೆ ಹೊಡೆದ ಮೇಲೆ ಯಾರು ಬಂದರೂ ಹಾಜರಿ ಪುಸ್ತಕದಲ್ಲಿ ಕೆಂಪು ಶಾಯಿ. ಒಂದು ತಿಂಗಳಲ್ಲಿ ಮೂರು ಸಲ ಕೆಂಪು ಬಿದ್ದರೆ ಮೇಲಿನ ಕಚೇರಿಗೆ ವರದಿ.

ಖಾನಾಪುರದ ಕಡೆ ಹೋಗುವ ಬಸ್ಸುಗಳು ಶಹಾಪುರಕ್ಕೆ ಬರುವ ಹೊತ್ತಿಗೇ ತುಂಬಿರುತ್ತಿದ್ದವು. ಕಂಡಕ್ಟರನ ಮನಸ್ಸಿದ್ದರೆ ನಿಂತವು, ಇಲ್ಲದಿದ್ದರೆ ಇಲ್ಲ. ಹಾಗಾಗಿ ಅವ್ವ ನನಗೊಂದು ಲೇಡೀಸ್ ಸೈಕಲ್ ಕೊಡಿಸಿದ್ದಳು. ಗಂಡಹೆಂಡತಿ ಇಬ್ಬರದೂ ಒಂದೇ ರಸ್ತೆ. ಅವರು ಉದ್ಯಮಬಾಗದಲ್ಲಿ ಇಳಿದರೆ ನಾನು ಪೀರನವಾಡಿ ದಾಟಿ ಮಚ್ಛೆಯವರೆಗೆ ತುಳಿಯಬೇಕು. ನನ್ನ ದಾರಿ ಅವರದರ ದುಪ್ಪಟ್ಟು. ಇದನ್ನು ಅವರಿಗೆ ನೆನಪಿಸಿದರೆ, "ಅಳದ ನೋಡಿಯೇನ?" ಎಂದು ಕೇಳುತ್ತಿದ್ದರು.

ವರ್ಷಕ್ಕೊಮ್ಮೆ ಖಂಡೇಪೂಜೆ ಬರುತ್ತಿತ್ತು. ಮಹಾನವಮಿಗೆ ರೈತರು ಕುಡುಗೋಲು, ಬಡಿಗರು ಬಾಚಿ, ಕಾರ್ಖಾನೆಯವರು ಯಂತ್ರ ತೊಳೆದು ಪೂಜೆ ಮಾಡುವಾಗ ನಮ್ಮ ಮನೆಯಲ್ಲಿ ಎರಡು ಸೈಕಲ್ ಬಿಚ್ಚುತ್ತಿದ್ದರು. ಮಳೆಗಾಲದ ನೀರು, ರಾಡಿ ಎಲ್ಲ ಗಾಲಿಯ ನಡುವಿಗೆ ಹೊಕ್ಕಿರುತ್ತದೆ, ತೊಳೆದು ಹೊಸ ಗ್ರೀಸು ಹಾಕಬೇಕಾದದ್ದೇ. ಅದರಲ್ಲಿ ತಪ್ಪಿಲ್ಲ. ಆದರೆ ಆ ದಿನ ಯಜಮಾನರು ಮಾಡುತ್ತಿದ್ದ ಸೋಂಗು ನೋಡಬೇಕಿತ್ತು. ಸ್ನಾನ ಮಾಡಿ, ಹಣೆಗೆ ವಿಭೂತಿ ಹಚ್ಚಿ, ಹಳೆಯ ಧೋತರ ಹಾಸಿ ಪಡಸಾಲೆಯ ನಟ್ಟನಡುವೆ ಕೂರುತ್ತಿದ್ದರು. ಬಲಕ್ಕೆ ಪಾನಾಗಳು, ಅಂದರೆ ನಟ್ಟು ತಿರುಗಿಸುವ ಸಾಮಾನು, ಸಣ್ಣದರಿಂದ ದೊಡ್ಡದರವರೆಗೆ ಸಾಲಾಗಿ. ಎಡಕ್ಕೆ ಚಿಮಣಿ ಎಣ್ಣೆ ಹಾಕಿದ ಪರಾತ. ಆ ಪರಾತ ನನ್ನದು, ರೊಟ್ಟಿ ಹಿಟ್ಟು ನಾದುವುದು. ಹಬ್ಬದ ಮರುದಿನದಿಂದ ಎಂಟು ದಿನ ನಮ್ಮ ರೊಟ್ಟಿಗೆ ಚಿಮಣಿ ಎಣ್ಣೆಯ ವಾಸನೆ. "ಏನ ವಾಸನಿ ಇದು?" ಎಂದು ಮೂಗು ಮುರಿಯುವವರೂ ಅವರೇ.

ಗಾಲಿಯ ನಡುವೆ ಎರಡೂ ಬದಿಗೆ ಒಂದೊಂದು ಉಕ್ಕಿನ ಬಟ್ಟಲಿರುತ್ತದೆ. ಬಟ್ಟಲಿನ ಸುತ್ತ ಗ್ರೀಸು ಮೆತ್ತಿ ಸಣ್ಣ ಉಕ್ಕಿನ ಗುಂಡುಗಳನ್ನು ಕೂರಿಸುತ್ತಾರೆ. ಅವುಗಳ ಮೇಲೆ ಕೋನು ಎಂಬ ಮೊನಚು ನಟ್ಟನ್ನು ತಿರುಗಿಸಿ ಇಳಿಸಿ, ಅದು ಅಲುಗಾಡದಂತೆ ಹೊರಗಿನಿಂದ ಇನ್ನೊಂದು ನಟ್ಟು ಬಿಗಿಯುತ್ತಾರೆ. ಯಜಮಾನರು ತೊಳೆಯುವುದು, ಒರೆಸುವುದು, ಮೆತ್ತುವುದು ಎಲ್ಲ ಅಚ್ಚುಕಟ್ಟು. ಗ್ರಹಚಾರ ಕಾಯುತ್ತಿದ್ದುದು ಕೊನೆಗೆ. ಕೋನನ್ನು ಹಲ್ಲು ಕಚ್ಚಿ ಬಿಗಿಯುತ್ತಿದ್ದರು. ಗಾಲಿ ಎಡಬಲಕ್ಕೆ ಅಲುಗಿಸಿ, "ನೋಡು, ಒಂದ ಕೂದಲಷ್ಟೂ ಲೂಜ್ ಇಲ್ಲ" ಎಂದು, ಚೆಂಡುಹೂವಿನ ಮಾಲೆ ಹಾಕಿ ಕೈಮುಗಿಯುತ್ತಿದ್ದರು.

ಅವರ ಸೈಕಲ್ ಇದನ್ನೆಲ್ಲ ಹೇಗೆ ತಡೆದುಕೊಂಡಿತ್ತು ಎಂದು ಕೇಳಿದರೆ, ಅದರ ಹೊರಗಿನ ನಟ್ಟುಗಳು ಹಳೆಯವು, ಒಳಗಿನ ಮರೆ, ಅಂದರೆ ತಿರುಪಿನ ಗೆರೆ, ಸವೆದುಹೋಗಿತ್ತು. ಅವರು ಎಷ್ಟೇ ಬಿಗಿದರೂ ನಾಲ್ಕು ದಿನದಲ್ಲಿ ಕೋನು ತಾನಾಗಿ ಹಿಂದೆ ಸರಿದು ಗಾಲಿ ಹಗುರಾಗುತ್ತಿತ್ತು. ದೇವರು ಅವರನ್ನು ಅವರ ಕೈಯಿಂದಲೇ ಕಾಪಾಡುತ್ತಿದ್ದ. ನನ್ನ ಸೈಕಲ್ ಹೊಸದು, ಅದಕ್ಕೆ ಅದು ಮೊದಲ ಖಂಡೇಪೂಜೆ, ಬಿಗಿದದ್ದು ಬಿಗಿದಂತೆಯೇ ನಿಂತಿತು.

ಆ ವರ್ಷ ಹಬ್ಬ ಮುಗಿದು ಶಾಲೆ ಶುರುವಾದ ಮೊದಲ ವಾರವೇ ಎರಡು ಕೆಂಪು ಬಿದ್ದವು. ಸೈಕಲ್ಲು ಮುಂದಕ್ಕೆ ಹೋಗುತ್ತಲೇ ಇರಲಿಲ್ಲ. ಇಳಿಜಾರಿನಲ್ಲಿಯೂ ತುಳಿಯಬೇಕು. ತುಳಿಯುವುದು ಬಿಟ್ಟರೆ ಕರಕರ ಎಂದು ನಿಂತುಬಿಡುವುದು. ಮುಖ್ಯ ಗುರುಗಳು ಶಾಯಿ ಆರುವವರೆಗೆ ಪುಸ್ತಕ ನನ್ನ ಮುಂದೆಯೇ ತೆರೆದಿಟ್ಟು, "ಅಕ್ಕೋರ, ಇನ್ನೊಂದ ಆದ್ರ ನನ್ನ ಕೈಯಾಗ ಏನೂ ಇಲ್ಲ ನೋಡ್ರಿ" ಎಂದರು. ಅವರ ಕೈಯಲ್ಲಿ ಕೆಂಪು ಪೆನ್ನು ಇತ್ತು.

ಮನೆಗೆ ಬಂದು ಹೇಳಿದೆ. ಯಜಮಾನರು ಗಾಲಿ ಅಲುಗಿಸಿ ನೋಡಿ ತೃಪ್ತಿಪಟ್ಟರು.

"ಸೈಕಲ್ ಫಸ್ಟ್ ಕ್ಲಾಸ್ ಐತಿ. ರಸ್ತಾ ಸರಿ ಇಲ್ಲ. ಮತ್ತ ನೀ ಕುಂದ್ರೂದೂ ಸರಿ ಇಲ್ಲ. ಚಕ್ಕಡ್ಯಾಗ ಕುಂತಂಗ ಕುಂದರ್ತಿ."

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇಲ್ಲಿ ಕುಣಿಯುವವಳು ಒಬ್ಬಳು, ನೆಲ ಡೊಂಕು ಅನ್ನುವವರು ಇನ್ನೊಬ್ಬರು.

"ಹಂಗಾರ ಮೂಲ್ಯಾಗಿನ ಸೈಕಲ್ ಅಂಗಡ್ಯಾಗ ಒಂದ ಸಲ ತೋರಸ್ಕೊಂಡ ಬರ್ಲೇನ್ರಿ?" ಎಂದೆ.

ನಾನು ತವರಿಗೇ ಹೋಗಿಬಿಡುತ್ತೇನೆ ಎಂದಿದ್ದರೂ ಅವರಿಗೆ ಅಷ್ಟು ನೋವಾಗುತ್ತಿರಲಿಲ್ಲ. "ಬೇರಿಂಗ್ ತಿಳದಾವನ ಮನ್ಯಾಗಿನ ಸೈಕಲ್ ಅಂಗಡಿ ಮೆಟ್ಟಲ ಹತ್ತಿತು ಅಂದ್ರ, ನಾ ನಾಳೆ ಕಾರ್ಖಾನ್ಯಾಗ ಹೆಂಗ ಮಾರಿ ತೋರಸ್ಲಿ?"

ನನ್ನ ನೌಕರಿ ಒಂದು ಕಡೆ, ಅವರ ಮಾರಿ ಇನ್ನೊಂದು ಕಡೆ. ತಕ್ಕಡಿ ಯಾವ ಕಡೆ ವಾಲಿತು ಎಂದು ಹೇಳಬೇಕಿಲ್ಲ.

ಶನಿವಾರ ಬೆಳಗಿನ ಶಾಲೆ ಮುಗಿಸಿ ಖಾನಾಪುರಕ್ಕೆ ಹೊರಟೆ. ತಂಗಿ ಸೈಕಲ್ ಕಲಿಯಬೇಕಂತೆ ಎಂದು ಹಿಂದಿನ ದಿನವೇ ಸುಳ್ಳು ಹೇಳಿದ್ದೆ. ಅವರಿಗೆ ಖುಷಿಯೋ ಖುಷಿ. "ತಗೊಂಡ ಹೋಗು. ನನ್ನ ಕೆಲಸ ಖಾನಾಪೂರದ ಮಂದೀನೂ ನೋಡ್ಲಿ" ಎಂದಿದ್ದರು. ಬಸ್ಸಿನ ಮೇಲೆ ಸೈಕಲ್ ಹಾಕಿಸಿ ಮಧ್ಯಾಹ್ನಕ್ಕೆ ಅವ್ವನ ಮನೆ ಮುಟ್ಟಿದೆ.

ಅವ್ವ ಅಂಗಳದಲ್ಲಿ ಬೀಸುಕಲ್ಲಿನ ಮುಂದೆ ಕೂತು ತೊಗರಿ ಒಡೆಯುತ್ತಿದ್ದಳು. ಜೀವಮಾನದಲ್ಲಿ ಸೈಕಲ್ ಮುಟ್ಟಿದವಳಲ್ಲ. ನಾನು ಸೈಕಲ್ ತಲೆಕೆಳಗು ಮಾಡಿ ಮುಂದಿನ ಗಾಲಿ ತಿರುಗಿಸಿದೆ. ಕರ್ರ್ ಎಂದು ಒಂದೂವರೆ ಸುತ್ತು ತಿರುಗಿ ನಿಂತಿತು. ಅವ್ವ ಕಲ್ಲು ನಿಲ್ಲಿಸಿ ಕಿವಿಗೊಟ್ಟಳು.

"ಇನ್ನೊಮ್ಮಿ ತಿರಗಸು."

ತಿರುಗಿಸಿದೆ.

"ಏ ಹುಡುಗಿ, ಇದಕ್ಕ ಚಿಂದಿ ಹಾಕಿಲ್ಲೇನ?"

ಬೇಳೆ ಒಡೆಯುವಾಗ ಬೀಸುಕಲ್ಲಿನ ನಡುಗೂಟಕ್ಕೆ ಒಂದು ಅರಿವೆಯ ಚಿಂದಿ ಸುತ್ತುತ್ತಾರೆ. ಮೇಲಿನ ಕಲ್ಲು ಆ ಚಿಂದಿಯ ಮೇಲೆ ಕೂತು ಕೆಳಗಿನ ಕಲ್ಲಿನಿಂದ ಒಂದಿಷ್ಟೇ ಎದ್ದಿರುತ್ತದೆ. ಚಿಂದಿ ಹಾಕದಿದ್ದರೆ ಕಲ್ಲು ಕಲ್ಲಿನ ಮೇಲೆ ಪೂರ್ತಿ ಕೂತು ತಿರುಗುವುದೇ ಕಷ್ಟ. ತಿರುಗಿದರೂ ಬೇಳೆ ಹೋಗಿ ಹಿಟ್ಟಾಗುತ್ತದೆ. ನಮ್ಮ ಕಡೆಯ ಯಾವ ಹೆಣ್ಣುಮಗಳಿಗೂ ಗೊತ್ತಿದ್ದ ಸಂಗತಿ. ನನಗೂ ಗೊತ್ತಿತ್ತು. ಗಾಲಿಗೂ ಅದಕ್ಕೂ ಸಂಬಂಧ ಇದೆ ಎಂದು ಹೊಳೆದಿರಲಿಲ್ಲ, ಯಾಕೆಂದರೆ ಗಾಲಿ ಗಂಡಸರದು ಎಂದು ನಾನೂ ನಂಬಿದ್ದೆ.

ಪಕ್ಕದ ಮನೆಯಿಂದ ಪಾನಾ ತಂದು ಬಿಚ್ಚಿದೆವು. ಹಾಕಿ ಒಂದು ತಿಂಗಳೂ ಆಗದ ಹಳದಿ ಗ್ರೀಸು ಕಾಡಿಗೆಯಷ್ಟು ಕಪ್ಪಾಗಿತ್ತು. ಅವ್ವ ಒಂದು ಚಿಟಿಕೆ ತೆಗೆದುಕೊಂಡು ಬೆರಳ ನಡುವೆ ತಿಕ್ಕಿದಳು. ಅಳಿಯನ ಮಾತು ಬಂತೆಂದರೆ, ಆತ ಹದಿನಾರು ಮೈಲಿ ದೂರವಿದ್ದರೂ, ನಮ್ಮವ್ವ ತಲೆಯ ಮೇಲೆ ಸೆರಗು ಎಳೆದುಕೊಳ್ಳುವವಳು. ಈಗಲೂ ಗ್ರೀಸಿನ ಕೈಯನ್ನು ದೂರ ಹಿಡಿದು, ಮೊಣಕೈಯಿಂದ ಸೆರಗು ಎಳೆದುಕೊಂಡಳು. ಆಮೇಲೆ ಭಾಳ ಮರ್ಯಾದೆಯಿಂದ ಹೇಳಿದಳು:

"ಅಳ್ಯಾರು ಕಬ್ಬಣಾ ಬೀಸ್ಯಾರವ್ವಾ. ಹಿಟ್ಟ ಭಾಳ ಸಣ್ಣಗ ಬಂದೈತಿ."

ನಾವಿಬ್ಬರೂ ಎಷ್ಟು ನಕ್ಕೆವೆಂದರೆ ತೊಗರಿಯ ಮೊರ ಮಗುಚಿತು. ಗುಂಡುಗಳೆಲ್ಲ ಗಾಯಗಾಯ, ಕೋನಿನ ಮೇಲೆ ಕುಳಿ ಬಿದ್ದಿತ್ತು. ಬಸ್ ನಿಲ್ದಾಣದ ಹತ್ತಿರದ ಸೈಕಲ್ ಅಂಗಡಿಗೆ ಹಳೆಯ ಸಾಮಾನು ಒಯ್ದು ತೋರಿಸಿದೆ. ಅಂಗಡಿಯವ ಮರಾಠಿ ಮಾತಾಡುವ ಮುದುಕ. ಕೋನನ್ನು ಬೆಳಕಿಗೆ ಹಿಡಿದು ನೋಡಿ, "ಕಾಯ್ ಅಕ್ಕಾ, ಯಾರ ಬಿಗದಾರ ಇದನ್ನ? ಪೈಲವಾನ ಅದಾರೇನ ಮನ್ಯಾಗ?" ಎಂದ. ಹೊಸ ಗುಂಡು, ಕೋನು, ಎಲೆಯಲ್ಲಿ ಕಟ್ಟಿದ ಒಂದಿಷ್ಟು ಗ್ರೀಸು ಕೊಟ್ಟು, ಹೊರಗಿನ ನಟ್ಟು ಬಿಗಿದಾಗ ಕೋನು ಇನ್ನೊಂದಿಷ್ಟು ಒತ್ತುತ್ತದೆ, ಅದಕ್ಕೆ ಮೊದಲೇ ಜಾಗ ಬಿಡಬೇಕು ಎಂದು ಹೇಳಿಕೊಟ್ಟ. ಎರಡು ನಿಮಿಷದ ಮಾತು. ನಮ್ಮ ಮನೆಯ ಪಂಡಿತರಿಗೆ ಇದು ತಿಳಿದಿರಲಿಲ್ಲ.

ಆ ಮಧ್ಯಾಹ್ನ ಅಂಗಳದಲ್ಲಿ ಕೂತು ಎರಡೂ ಗಾಲಿಗೆ ನಾನೇ ಗುಂಡು ಕೂರಿಸಿದೆ. ಕೋನನ್ನು ಬೆರಳಿನಿಂದಲೇ ತಿರುಗಿಸಿ ಗುಂಡಿಗೆ ತಾಗುವವರೆಗೆ ಇಳಿಸಿ, ಕಾಲು ಸುತ್ತು ಹಿಂದಕ್ಕೆ ಬಿಟ್ಟೆ. ಅವ್ವ ಗಾಲಿ ಹಿಡಿದು, "ಇನ್ನೊಂದೀಟ ಬಿಡು... ಹಾಂ, ಸಾಕು" ಎನ್ನುತ್ತಿದ್ದಳು. ಬೀಸುಕಲ್ಲಿನ ಮುಂದೆ ಕೂತಾಗ ಹೇಗೋ ಹಾಗೆಯೇ. ನಟ್ಟು ಬಿಗಿದು ಗಾಲಿಯನ್ನು ಮೆಲ್ಲಗೆ ಬಿಟ್ಟರೆ, ಅದು ತಿರುಗಿ ತಿರುಗಿ, ಹಿಂದೆ ಮುಂದೆ ತೂಗಿ, ಗಾಳಿ ತುಂಬುವ ವಾಲ್ವಿನ ಭಾರಕ್ಕೆ ಅದನ್ನೇ ಕೆಳಗೆ ತಂದು ನಿಲ್ಲಿಸಿತು. ಸದ್ದಿಲ್ಲ. ಮದುವೆಯಾದ ಮೇಲೆ ಅಷ್ಟು ಸಂತೋಷ ನನಗೆ ಯಾವುದರಿಂದಲೂ ಆಗಿರಲಿಲ್ಲ. ಇದನ್ನು ಯಜಮಾನರಿಗೆ ಇವತ್ತಿಗೂ ಹೇಳಿಲ್ಲ.

ಸೋಮವಾರ ಖಾನಾಪುರದಿಂದ ಸೀದಾ ಮಚ್ಛೆಗೆ ಸೈಕಲ್ಲಿನ ಮೇಲೆಯೇ ಬಂದೆ. ಸಿಪಾಯಿ ಇನ್ನೂ ಬಾಗಿಲು ತೆಗೆಯುತ್ತಿದ್ದ. ಮುಖ್ಯ ಗುರುಗಳು ನನ್ನನ್ನು ನೋಡಿ, ಗಡಿಯಾರ ನೋಡಿ, ಗಡಿಯಾರ ನಿಂತಿದೆಯೇನೋ ಎಂದು ಎದ್ದುಹೋಗಿ ಕಿವಿಗೊಟ್ಟರು.

ಮನೆಯಲ್ಲಿ ನಾನು ಬಾಯಿ ಬಿಡಲಿಲ್ಲ. ಗಂಡನ ಮರ್ಯಾದೆ ಹೋಗಬಾರದು ಎಂದು ಸುಮ್ಮನಿದ್ದೆ. ಹೀಗೆ ಸುಮ್ಮನಿರುವ ಹೆಂಗಸರನ್ನು ಊರು ಹೊಗಳುತ್ತದೆ. ಹೊಗಳಿಕೆ ಬಿಟ್ಟರೆ ಅದರಿಂದ ಬೇರೆ ಏನೂ ಸಿಗುವುದಿಲ್ಲ ಎಂದು ನನಗೆ ಆ ವಾರದಲ್ಲಿಯೇ ತಿಳಿಯಿತು. ಶುಕ್ರವಾರ ಶಾಲೆಗೆ ತಪಾಸಣೆಗೆ ಸಾಹೇಬರು ಬರುವವರಿದ್ದರು. ಗುರುವಾರ ಸಂಜೆ ನಾನು ಪಾಠದ ಟಿಪ್ಪಣಿ ಬರೆಯುತ್ತಿದ್ದಾಗ ಯಜಮಾನರು ನನ್ನ ಮೇಲೆ ಪ್ರೀತಿ ಉಕ್ಕಿಬಂದು ಸೈಕಲ್ ಪರೀಕ್ಷೆ ಮಾಡಿದರು. ಮುಂದಿನ ಗಾಲಿಯಲ್ಲಿ ಕೂದಲೆಳೆಯಷ್ಟು ಸಡಿಲು ಸಿಕ್ಕಿತು. ಬಿಗಿದರು. ಬೆಳಿಗ್ಗೆ ಕಾರ್ಖಾನೆಗೆ ಹೊರಡುವಾಗ ಉಪಕಾರ ಮಾಡಿದ ದನಿಯಲ್ಲಿ, "ನಿನ್ನ ಗಾಲಿ ಲೂಜ್ ಆಗಿತ್ತು. ಪುಣ್ಯಾಕ್ಕ ನಾ ನೋಡಿನಿ" ಎಂದು ಹೇಳಿ ಹೋಗಿಬಿಟ್ಟರು. ಪಾನಾಗಳ ಪೆಟ್ಟಿಗೆಗೆ ಬೀಗ, ಬೀಗದ ಕೈ ಅವರ ಜೇಬಿನಲ್ಲಿ.

ಪೀರನವಾಡಿಯವರೆಗೆ ಹೇಗೋ ತುಳಿದೆ. ಅಲ್ಲಿಂದ ಸ್ವಲ್ಪ ಮುಂದೆ ಗಾಲಿಯೊಳಗೆ ಕಟ್ ಎಂದಿತು. ಗುಂಡು ಒಡೆದು ಗಾಲಿ ಅಲ್ಲಿಯೇ ಹಿಡಿದುಕೊಂಡಿತು. ಮುಂದಿನ ಗಾಲಿ ಎತ್ತಿ ಹಿಡಿದು, ಹಿಂದಿನದರ ಮೇಲೆ ನೂಕುತ್ತ, ಸೀರೆಗೆಲ್ಲ ಗ್ರೀಸು ಮಾಡಿಕೊಂಡು ಮಚ್ಛೆ ಮುಟ್ಟಿದಾಗ ತಪಾಸಣೆಯ ಸಾಹೇಬರು ನನ್ನ ತರಗತಿಯಲ್ಲಿ, ನನ್ನ ಕುರ್ಚಿಯ ಮೇಲೆ ಕೂತಿದ್ದರು. ಮೂರನೆಯ ಕೆಂಪು ಬಿತ್ತು. ಮುಖ್ಯ ಗುರುಗಳು ತಮ್ಮ ಕೈಯಲ್ಲಿ ಏನೂ ಇಲ್ಲ ಎಂದು ಹೇಳಿದ್ದ ಅದೇ ಕೈಯಿಂದ ವರದಿ ಬರೆದರು. ಜೂನಿನಲ್ಲಿ ನನ್ನ ಜೊತೆ ಸೇರಿದವರೆಲ್ಲ ಕಾಯಂ ಆದರು. ನನಗೆ ಇನ್ನೊಂದು ವರ್ಷ ಮುಂದೆ ಹಾಕಿದ ಕಾಗದ ಬಂತು. ಆ ಕಾಗದ ಹಿಡಿದುಕೊಂಡು ನಾನು ಅತ್ತೆ. ದುಃಖಕ್ಕಲ್ಲ, ಸಿಟ್ಟಿಗೆ.

"ಅವತ್ತ ನೀವು ಬಿಗದದ್ದಕ್ಕ ಹಿಂಗಾತು" ಎಂದೆ.

ಅವರು ಕಾಗದ ಓದಿ ಮಡಿಚಿ ಕೊಟ್ಟರು. "ನಾ ಎಷ್ಟ ಸಲಾ ಹೇಳೀನಿ. ರಸ್ತಾ ಸರಿ ಇಲ್ಲ. ಮತ್ತ ನೀ ಕುಂದ್ರೂದೂ ಸರಿ ಇಲ್ಲ."

ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ. ಅಂದಿನಿಂದ ನನ್ನ ಶಾಲೆಯ ಚೀಲದಲ್ಲಿ, ಸೀಮೆಸುಣ್ಣದ ಜೊತೆ ನನ್ನದೇ ಒಂದು ಪಾನಾ ಇರತೊಡಗಿತು. "ನನ್ನ ಸೈಕಲ್ ಇನ್ನ ಮ್ಯಾಲೆ ನಾನ ನೋಡ್ಕೋತೀನ್ರಿ. ನೀವು ಕೈ ಹಚ್ಚಬ್ಯಾಡ್ರಿ" ಎಂದು ಹೇಳಿಬಿಟ್ಟೆ. ಅವರು ಎರಡು ದಿನ ಮಾತು ಬಿಟ್ಟರು. ಮನೆಯಲ್ಲಿ ಹಾಯಾಗಿತ್ತು.

ಮತ್ತೆ ಖಂಡೇಪೂಜೆ ಬಂತು. ಈ ಸಲ ನಾನು ಖಾನಾಪುರದ ಆ ಮುದುಕನ ಅಂಗಡಿಯಿಂದ ಯಜಮಾನರ ಸೈಕಲ್ಲಿಗೆ ನಾಲ್ಕು ಹೊಸ ನಟ್ಟು ತಂದಿದ್ದೆ. ಮರೆ ಸವೆಯದ, ಗಟ್ಟಿಮುಟ್ಟಾದ ನಟ್ಟುಗಳು. ತಾಟಿನಲ್ಲಿ ವಿಭೂತಿ, ಹೂವಿನ ಪಕ್ಕ ಇಟ್ಟು ಕೊಟ್ಟೆ.

"ನಿಮ್ಮವು ಭಾಳ ಹಳೇವ ಆಗ್ಯಾವ್ರಿ. ನೀವು ಬಿಗದದ್ದು ನಿಂದರವಲ್ದು."

ಅವರ ಮುಖ ಅರಳಿತು. "ಈಗ ತಿಳೀತ ನೋಡು ನಿನಗ!" ಎಂದು ಹೊಸ ನಟ್ಟು ಹಾಕಿ, ಹಲ್ಲು ಕಚ್ಚಿ ಬಿಗಿದರು. ನಾನು ದೀಪ ಹಿಡಿದು ನಿಂತಿದ್ದೆ. ಗೊತ್ತಿಲ್ಲದೆ ಮಾಡಿದೆ ಎಂದು ಸುಳ್ಳು ಹೇಳುವುದಿಲ್ಲ. ಗೊತ್ತಿದ್ದೇ ಮಾಡಿದ್ದು. ನಾನು ಅವರ ಗಾಲಿಯನ್ನು ಒಂದು ಬೆರಳಿನಿಂದಲೂ ಮುಟ್ಟಲಿಲ್ಲ, ದೇವರು ಇಷ್ಟು ವರ್ಷ ಮಾಡುತ್ತಿದ್ದ ಸಹಾಯವನ್ನು ನಿಲ್ಲಿಸಿದೆ, ಅಷ್ಟೇ.

ಹಬ್ಬ ಕಳೆದು ಗುರುವಾರ ಅವರು ಕಾರ್ಖಾನೆಗೆ ತಡವಾಗಿ ಹೋದರು. ಶುಕ್ರವಾರವೂ. ಶನಿವಾರ ನನ್ನದು ಬೆಳಗಿನ ಶಾಲೆ, ಇಬ್ಬರೂ ಒಂದೇ ಹೊತ್ತಿಗೆ ಹೊರಡುವ ದಿನ. ಅವರು ಅರ್ಧ ತಾಸು ಮೊದಲೇ ಹೊರಟಿದ್ದರು. ಉದ್ಯಮಬಾಗದ ತಿರುವಿನ ಹತ್ತಿರ ಅವರನ್ನು ಹಿಡಿದೆ. ಬೆವರು ಸುರಿಸುತ್ತ ಸೈಕಲ್ ನೂಕಿಕೊಂಡು ನಡೆಯುತ್ತಿದ್ದರು. ಬೆಲ್ ಬಾರಿಸಿ ಮುಂದೆ ಹೋದೆ.

ಸಂಜೆ ಚಹಾ ಕುಡಿಯುತ್ತ ಅವರೇ ಮಾತು ತೆಗೆದರು. "ಮೂರ ದಿನಾ ಲೇಟ್ ಆತು. ಗೇಟಿನ್ಯಾಗ ಹೆಸರ ಬರಕೊಂಡ್ರು. ಹದಿನೆಂಟ ವರ್ಷದಾಗ ಒಮ್ಮೀನೂ ಬರದಿರಲಿಲ್ಲ."

ನಾನು ಒಲೆಯ ಮುಂದಿನಿಂದ ಏಳಲಿಲ್ಲ. "ರಸ್ತಾ ಸರಿ ಇಲ್ಲ ಬಿಡ್ರಿ. ಮತ್ತ ನೀವು ಕುಂದ್ರೂದೂ ಸರಿ ಇಲ್ಲ."

ಅವರು ಬಸಿಯಲ್ಲಿದ್ದ ಚಹಾ ಹಾಗೆಯೇ ಕೆಳಗಿಟ್ಟರು. ಆಮೇಲೆ ಎದ್ದು ಸೈಕಲ್ಲನ್ನು ಪಡಸಾಲೆಗೆ ತಂದು ತಲೆಕೆಳಗು ಮಾಡಿ, ನನ್ನ ಶಾಲೆಯ ಚೀಲದಿಂದ ಪಾನಾ ತೆಗೆದು ನನ್ನ ಮುಂದೆ ಇಟ್ಟರು. ಕ್ಷಮೆ ಗಿಮೆ ಏನೂ ಇಲ್ಲ. ಗಾಲಿ ಹಿಡಿದುಕೊಂಡು ಕೂತರು. ನಾನು ಹೊರಗಿನ ನಟ್ಟು ತಿರುಗಿಸಿ, ಕೋನನ್ನು ಕಾಲು ಸುತ್ತು ಬಿಟ್ಟೆ. ಗಾಲಿ ಅವರ ಕೈಯೊಳಗೆ ಹಗುರಾಯಿತು. ಅದು ಅವರ ಬೆರಳಿಗೆ ಗೊತ್ತಾದದ್ದು ಅವರ ಮುಖದಲ್ಲಿ ಕಂಡಿತು.

"ನಿನ್ನ ನೌಕರಿ ಕಾಯಂ ಆಗೂದು ಯಾವಾಗ?" ಎಂದು ಕೇಳಿದರು.

ಎರಡು ವರ್ಷದಲ್ಲಿ ಅವರು ಅದನ್ನು ಕೇಳಿದ್ದು ಅದೇ ಮೊದಲು.

"ಇನ್ನೂ ಎಂಟ ತಿಂಗಳ ಐತ್ರಿ," ಎಂದೆ. "ಗಾಲಿ ಅಷ್ಟ ಗಟ್ಟ್ಯಾಗಿ ಹಿಡೀಬ್ಯಾಡ್ರಿ, ಬಿಡ್ರಿ."